ಮನೆಗಾಡಿ ಮತ್ತು ತಿರುವಿನ ಕಲ್ಲು

ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಒಡಲಲ್ಲೇ ಹೊತ್ತ ಮನೆಗಾಡಿಯೊಂದು ಕಡಲಂಚಿನ ಗುಡ್ಡದ ರಸ್ತೆಯಲ್ಲಿ ಹೊರಟಿತ್ತು. ದಟ್ಟ ಮಂಜು ಕವಿದು ಕಡಲೂ ಕಾಣದಾಯಿತು, ರಸ್ತೆಯೂ ಕಾಣದಾಯಿತು. ಗಾಡಿ ತನ್ನ ದೊಡ್ಡ ದೀಪಗಳನ್ನು ಪೂರ್ತಿ ಉರಿಸಿತು.

ತಿರುವಿನ ಅಂಚಿನಲ್ಲಿ ನೆಟ್ಟಿದ್ದ ಸುಣ್ಣ ಬಳಿದ ಕಲ್ಲು ಕೂಗಿ ಹೇಳಿತು: "ದೀಪ ತಗ್ಗಿಸು ತಾಯಿ. ಮಂಜಿನಲ್ಲಿ ದೀಪ ಎತ್ತರಿಸಿದರೆ ಕಾಣುವುದು ನಿನ್ನ ಬೆಳಕೇ ಹೊರತು ದಾರಿಯಲ್ಲ. ನನ್ನಾಚೆ ಬರೀ ಪ್ರಪಾತ."

"ನೆಟ್ಟಲ್ಲೇ ನಿಂತವನಿಗೆ ದಾರಿಯ ಗೊಡವೆ ಏಕೆ? ನಾನು ಯಾರನ್ನೂ ಕೇಳದೆ ಇಷ್ಟು ದೂರ ಬಂದವಳು," ಎಂದಿತು ಗಾಡಿ.

"ಬಂದದ್ದು ದೊಡ್ಡದೇ. ಆದರೂ ಇಲ್ಲಿ ತಿರುಗು."

ಗಾಡಿ ತಿರುಗಲಿಲ್ಲ. ನೇರ ಬಂದು ಕಲ್ಲಿಗೆ ಗುದ್ದಿತು. ಕಲ್ಲು ಬುಡಸಮೇತ ಕಿತ್ತುಬಂದು ಕಡಲಿಗೆ ಉರುಳಿತು. ಆ ಪೆಟ್ಟಿಗೆ ಗಾಡಿ ಅಂಚಿನಲ್ಲೇ ನಿಂತುಹೋಯಿತು. ಮುಂದಿನ ಚಕ್ರದಿಂದ ಪ್ರಪಾತಕ್ಕೆ ಒಂದು ಗೇಣು ಉಳಿದಿತ್ತು. ಗಾಡಿ ಹಿಂದೆ ಸರಿದು, ಬಂದ ದಾರಿಯನ್ನೇ ಹಿಡಿಯಿತು.

ಎದುರಿಗೆ ಮೀನು ಸಾಗಿಸುವ ಸಣ್ಣ ವ್ಯಾನೊಂದು ಬಂತು. "ಅಕ್ಕಾ, ಮುಂದೆ ಬಿಳಿ ಕಲ್ಲೊಂದು ಇದೆಯಂತೆ. ಅದು ಕಂಡ ಕೂಡಲೇ ತಿರುಗು ಎಂದಿದ್ದಾರೆ. ಇನ್ನೆಷ್ಟು ದೂರ?"

ಜಜ್ಜಿಹೋದ ಮೂತಿ ವ್ಯಾನಿನ ಕಣ್ಣಿಗೆ ಬೀಳದಂತೆ ಓರೆಯಾಗಿ ನಿಂತು ಗಾಡಿ ಹೇಳಿತು: "ಆ ಕಲ್ಲು ದಾರಿಗೆ ಅಡ್ಡವಾಗಿತ್ತು. ನಾನೇ ಕೆಡವಿದೆ. ಇನ್ನು ನಿನಗೆ ಯಾವ ಅಡ್ಡಿಯೂ ಇಲ್ಲ, ನೇರವಾಗಿ ಹೋಗು."

"ದೊಡ್ಡ ಉಪಕಾರವಾಯಿತು ಅಕ್ಕಾ," ಎಂದು ವ್ಯಾನು ನೇರವಾಗಿ ಹೋಯಿತು.