ಓಂಕಾರಣ್ಣ ಕೈ ಎತ್ತಿದಾಗ

ನಡೆದದ್ದು ಗೇಣುದ್ದ, ಊರಿನ ಬಾಯಲ್ಲಿ ಬೆಳೆದದ್ದು ಮಾರುದ್ದ. ಮದ್ದೂರಿನವರು ಹೇಳುವ ಕತೆ ಹೀಗಿದೆ.

ಚೌಡಮ್ಮನಿಗೆ ಒಬ್ಬನೇ ಮಗ, ನಿಂಗರಾಜ. ಬೆರಳು ಚುರುಕು, ಬುದ್ಧಿ ಮಂದ. ಬೇಸ್ ಗಿಟಾರ್ ನುಡಿಸಿದರೆ ಕೇಳಿದವರ ಎದೆ ತುಂಬುತ್ತಿತ್ತು. ಬುದ್ಧಿ ಹೇಳಿದರೆ ಹೇಳಿದವರ ತಲೆ ಕೆಡುತ್ತಿತ್ತು.

“ಯಾರ ಜೊತೆ ಬಾಳ್ತೀಯೋ ಮಗನೇ!” ಎಂದು ಹಣೆ ಚಚ್ಚಿಕೊಂಡು ಆಕೆ ಅವನನ್ನು ಓಂಕಾರಣ್ಣನ ಆರ್ಕೆಸ್ಟ್ರಾಕ್ಕೆ ಸೇರಿಸಿದಳು. ಅಲ್ಲಿ ನಿಂತರೆ ನಿಂತ. ಇಲ್ಲವಾದರೆ ಅವನನ್ನು ಸೇರಿಸಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ.

ಮೊದಲ ಕಾರ್ಯಕ್ರಮ. ನಿಂಗರಾಜ ಗಿಟಾರಿನಿಂದ ಉದ್ದನೆಯ ಕೇಬಲ್ ಎಳೆದು ನೇರವಾಗಿ ಮಿಕ್ಸರಿಗೇ ಸಿಕ್ಕಿಸಿದ. ಬೇಸ್ ಸೊಳ್ಳೆಯಂತೆ ಅತ್ತಿತು. ಹಿಂದೆಯೇ ಗುಂಯ್ ಎಂಬ ಗದ್ದಲ!

“ಅಯ್ಯೋ ಪೆದ್ದೇ! ನಡುವೆ ಡಿಐ ಬಾಕ್ಸ್ ಬೇಡ್ವೇನೋ?” ಓಂಕಾರಣ್ಣ ಅಂಗೈಯಗಲದ ಕಬ್ಬಿಣದ ಪೆಟ್ಟಿಗೆಯೊಂದನ್ನು ಕೊಟ್ಟ. “ಗಿಟಾರಿನಿಂದ ಇದಕ್ಕೆ ಗಿಡ್ಡ ಕೇಬಲ್, ಇದರಿಂದ ಮಿಕ್ಸರಿಗೆ ಉದ್ದದ್ದು. ಆಗ ದನಿ ಸೊರಗಲ್ಲ. ಗುಂಯ್ ಅಂದ್ರೆ ಪೆಟ್ಟಿಗೆಯ ಗುಂಡಿ ಒತ್ತು!”

“ಆಗ್ಲಿ ಅಣ್ಣ!”

ಆಮೇಲೆ ಗಣೇಶನ ಪೆಂಡಾಲು. ಹಿರಿಯ ಗಾಯಕಿಯೊಬ್ಬರು ಶ್ರುತಿಪೆಟ್ಟಿಗೆ ಹಚ್ಚಿ, ಕಣ್ಣು ಮುಚ್ಚಿ, ಶ್ಲೋಕ ಎತ್ತಿಕೊಂಡರು. ಶ್ರುತಿಪೆಟ್ಟಿಗೆ ಗುಂಯ್ ಎಂದಿತು. ನಿಂಗರಾಜ ಓಡಿದ, ಗುಂಡಿ ಒತ್ತಿದ. ಶ್ರುತಿ ನಿಂತಿತು, ಶ್ಲೋಕ ಜಾರಿತು.

“ಲೋ! ಗುಂಯ್ ಅಂದದ್ದೆಲ್ಲ ನಿಂದೇನೋ? ಇನ್ನು ಅನುಮಾನ ಬಂದ್ರೆ ಬೇರೆಯವರದ್ದು ಮುಟ್ಬೇಡ. ನಿನ್ನ ಕೇಬಲಿನ ಜ್ಯಾಕ್ ಕಿತ್ತು ನೋಡು!”

“ಆಗ್ಲಿ ಅಣ್ಣ!”

ಆಮೇಲೆ ಶಾಲೆಯ ವಾರ್ಷಿಕೋತ್ಸವ. ಮಕ್ಕಳು ಕುಣಿಯುತ್ತಿದ್ದರು. ಹಾಡಿನ ನಟ್ಟನಡುವೆ ನಿಂಗರಾಜ ಗಿಟಾರಿನ ಜ್ಯಾಕ್ ಕಿತ್ತ. ಢಂ! ಸ್ಪೀಕರು ಗುಡುಗಿತು, ಮುಖ್ಯ ಅತಿಥಿಗಳ ಕಾಫಿ ಮಡಿಲಿಗೆ ಬಿತ್ತು.

“ಯಾಕೋ ಕಿತ್ತೆ?”

“ಅನುಮಾನ ಬಂತು ಅಣ್ಣ.”

“ಏನು ಅನುಮಾನ?”

“ಮನೆಗೆ ಬೀಗ ಹಾಕಿದ್ನೋ ಇಲ್ವೋ ಅಂತ!”

ಓಂಕಾರಣ್ಣ ನೆಟ್ಟಗೆ ಚೌಡಮ್ಮನ ಬಾಗಿಲಿಗೆ ಬಂದ. “ಚೌಡಕ್ಕ, ಮುಂದಿನ ಮದುವೆಯೇ ಕೊನೆ. ಇನ್ನೊಂದು ಎಡವಟ್ಟಾದ್ರೆ ನಿನ್ನ ಮಗ ನಿನ್ನ ಮನೇಲೇ!” ನಿಂಗರಾಜನತ್ತ ತಿರುಗಿದ. “ಬೇಸಿನ ದನಿ ಇಳಿಸಿ ಕೈ ಎತ್ತುತೀನಿ. ನಾನು ಕೈ ಎತ್ತಿದಾಗ ಜ್ಯಾಕ್ ಕೀಳು. ಎತ್ತೋವರೆಗೂ ಕದಲಬೇಡ!”

“ಕೇಳಿಸ್ತೇನೋ?” ಎಂದಳು ತಾಯಿ.

“ಕೇಳಿಸ್ತು ಅವ್ವ!”

ಕೇಳಿಸಿತ್ತು ಎಂಬುದೇ ಚೌಡಮ್ಮನ ಭಯ.

ಮದುವೆಯ ಹಿಂದಿನ ಸಂಜೆ ಆರತಕ್ಷತೆ. ಗಿಡ್ಡ ಕೇಬಲ್ ಗಿಡ್ಡವಾಗಿಯೇ ಇತ್ತು, ಪೆಟ್ಟಿಗೆ ಕಾಲ ಬಳಿಯಲ್ಲಿಯೇ ಇತ್ತು. ಬೇಸ್ ಹುಣಸೆಮರದ ಬೊಡ್ಡೆಯಂತೆ ಗಟ್ಟಿಯಾಗಿ, ದುಂಡಗೆ, ಕೊನೆಯ ಸಾಲಿನವರೆಗೂ ಹಬ್ಬಿತು. ಓಂಕಾರಣ್ಣನಿಗೆ ಎಷ್ಟು ಸಂತೋಷವೆಂದರೆ, ಕೈ ಎತ್ತುವುದನ್ನೇ ಮರೆತು ಊಟಕ್ಕೆ ಹೋದ.

ಬೆಳಗಾಯಿತು. ಪುರೋಹಿತರ ಮೈಕಿಗೆಂದು ಸ್ಪೀಕರುಗಳು ಮತ್ತೆ ಚಾಲೂ ಆದವು; ಬೇಸಿನ ದನಿ ಇಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮನೆಗೆ ಬಾರದ ಮಗನನ್ನು ಹುಡುಕುತ್ತ ಚೌಡಮ್ಮ ಛತ್ರಕ್ಕೆ ಬಂದಳು. ವೇದಿಕೆಯ ಹೂವಿನ ಪರದೆಯ ಹಿಂದೆ ನಿಂಗರಾಜ! ಹೆಗಲಲ್ಲಿ ಗಿಟಾರು, ಬೆರಳು ಜ್ಯಾಕಿನ ಮೇಲೆ, ಕಣ್ಣು ಜನರ ನಡುವೆ ನಿಂತ ಓಂಕಾರಣ್ಣನ ಮೇಲೆ.

“ಲೋ, ಮನೆಗೆ ಯಾಕೆ ಬರಲಿಲ್ಲ?”

“ಓಂಕಾರಣ್ಣ ಕೈ ಎತ್ತಲಿಲ್ಲ ಅವ್ವ!”

ಚೌಡಮ್ಮ ತಿರುಗಿ ನೋಡಿದಳು. ವರ ತಾಳಿ ಹಿಡಿದಿದ್ದ. ಎಲ್ಲರ ಮುಷ್ಟಿಯಲ್ಲಿ ಅಕ್ಷತೆ. ಓಂಕಾರಣ್ಣನ ಮುಷ್ಟಿಯಲ್ಲೂ ಅಕ್ಷತೆ!

“ಅಣ್ಣಾ, ಬೇಡ!”

“ಗಟ್ಟಿಮೇಳ! ಗಟ್ಟಿಮೇಳ!” ಎಂದರು ಪುರೋಹಿತರು. ಅದೇ ಗಳಿಗೆಯಲ್ಲಿ ವಧುವಿಗೆ ಸೀನು ಬಂತು. ಅದೇ ಗಳಿಗೆಯಲ್ಲಿ ಓಂಕಾರಣ್ಣ ಕೈ ಎತ್ತಿದ.

ಢಂ!

ಓಲಗ ಮುಳುಗಿತು, ಡೋಲು ಮುಳುಗಿತು, ಸೀನೂ ಮುಳುಗಿತು. ವಧುವಿನ ಅಜ್ಜಿ ಓಡಿಬಂದು ನಿಂಗರಾಜನ ಕೆನ್ನೆ ಸವರಿ ನೆಟಿಗೆ ತೆಗೆದರು. “ಅಪಶಕುನ ಯಾರ ಕಿವಿಗೂ ಬೀಳಲಿಲ್ಲ ಕಣಪ್ಪ! ಗಟ್ಟಿಮೇಳ ಅಂದ್ರೆ ಇದು!” ಸೀನಿನಿಂದ ಸಂಸಾರ ಕೆಟ್ಟದ್ದನ್ನು ಕಂಡವರಿಲ್ಲ, ಢಂ ಎಂಬುದರಿಂದ ಉಳಿದದ್ದನ್ನೂ ಕಂಡವರಿಲ್ಲ, ಆದರೂ ಅಜ್ಜಿಯ ಎದುರು ಬೈಗುಳ ಬಿಟ್ಟು ಓಂಕಾರಣ್ಣ ಚೌಡಮ್ಮನತ್ತ ತಿರುಗಿದ.

“ಚೌಡಕ್ಕ,” ಎಂದ ಅವನು, “ರಾತ್ರಿಯೆಲ್ಲ ನನ್ನ ಮಾತಿಗೆ ಕಾದು ನಿಂತವನು ಈ ಆರ್ಕೆಸ್ಟ್ರಾದಲ್ಲಿ ಇನ್ಯಾರೂ ಇಲ್ಲ. ಇವನು ನನ್ನ ಹತ್ರಾನೇ ಇರ್ಲಿ.”

ಚೌಡಮ್ಮನ ಕಣ್ಣು ತುಂಬಿತು. ಹರಸಲೆಂದು ಓಂಕಾರಣ್ಣ ಹುಡುಗನ ತಲೆಯತ್ತ ಕೈ ಎತ್ತಲು ಹೊರಟ. ತಾಯಿ ಹಾರಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಎತ್ಬೇಡ ಅಣ್ಣಾ, ಎತ್ಬೇಡ! ಜ್ಯಾಕ್ ಮತ್ತೆ ಸಿಕ್ಕಿಸ್ಕೊಂಡು ಕಾಯ್ತಾ ನಿಂತವನೆ!”