ಹುಳಿಮಣ್ಣಿಗೆ ಸೋತ ಸರಪಳಿ ರಾಕ್ಷಸ

ಒಂದಾನೊಂದು ಕಾಲದಲ್ಲಿ, ತೀರಾ ಹಳೇ ಕಾಲವಲ್ಲ ಪುಟ್ಟಿ, ಪ್ಲಾಸ್ಟಿಕ್ ಕವರು ಊರಿಗೆ ಬಂದ ಮೇಲಿನ ಕಾಲ, ಮುದ್ದಯ್ಯ ಅಂತ ಒಬ್ಬ ಕುಂಬಾರ ಇದ್ದನಂತೆ. ಅವನಿಗೆ ಕರಿಯ, ಕೆಂಚ ಅಂತ ಇಬ್ಬರು ಗಂಡುಮಕ್ಕಳು, ಚೆಲುವಿ ಅಂತ ಕಿರಿಮಗಳು. ಅವರು ಮಣ್ಣು ತೆಗೀತಿದ್ದ ಕೆರೆಯಂಗಳದ ತುಂಬ ಪ್ಲಾಸ್ಟಿಕ್ ರಾಕ್ಷಸ ಬಂದು ಮಲಗಿಬಿಟ್ಟನಂತೆ. ಸಾವಿರಾರು ಪುಟಾಣಿಗಳು ಕೈ ಕೈ ಹಿಡ್ಕೊಂಡ ಸರಪಳೀನೇ ಅವನ ಮೈ, ಅದಕ್ಕೇ ಕೊಳೆಯೋನಲ್ಲ, ಸಾಯೋನಲ್ಲ. ಹಿಡಿ ಜೇಡಿಮಣ್ಣು ಸಿಗದೆ ಮಡಕೆ ಮಾಡೋ ತಿಗರಿ ನಿಂತುಹೋಯ್ತಂತೆ. ಹುಣ್ಣಿಮೆಯೊಳಗೆ ಮಣ್ಣು ಸಿಗದಿದ್ರೆ ತಿಗರೀನ ಸೀಳಿ ಒಲೆಗೆ ಹಾಕಿ ಊರು ಬಿಡೋದೇ ಅಂದನಂತೆ ಮುದ್ದಯ್ಯ.

ಆಮೇಲೆ ಕರಿಯ ಮಚ್ಚು ತಗೊಂಡು ಕೊಚ್ಚಿದನಂತೆ. ಕೊಚ್ಚಿದಷ್ಟೂ ಚೂರುಗಳು ಊರೆಲ್ಲ ಹಾರಿ, ಒಂದೊಂದು ಚೂರೂ ರಾಕ್ಷಸನೇ ಆಯ್ತಂತೆ. ಆಮೇಲೆ ಕೆಂಚ ಬೆಂಕಿ ಇಟ್ಟನಂತೆ. ಕಪ್ಪು ಹೊಗೆ ಎದ್ದು ಊರಿಗೆ ಊರೇ ಕೆಮ್ಮಿ, ಗೌಡರ ಹೆಂಡತಿ ಬಂದು ಹಿಡಿಶಾಪ ಹಾಕಿದಳಂತೆ. ಹಾಕದೆ ಇನ್ನೇನು, ಬುದ್ಧಿ ಬೇಡ್ವಾ!

ಚೆಲುವಿ ಮಾತ್ರ ನಾನು ಬಿಡೋದಿಲ್ಲ ಅಂದಳಂತೆ. ಅವರ ಮನೇಲಿ ಮಡಕೆ ಮಾಡೋ ಮುಂಚೆ ಮಣ್ಣನ್ನ ನಾಲಿಗೆಗಿಟ್ಟು ನೋಡೋರಂತೆ, ಹುಳಿ ಇದ್ರೆ ಮಡಕೆ ಸೀಳುತ್ತೆ ಅಂತ ಹಿತ್ತಲಿಗೆ ಎಸೆಯೋರಂತೆ. ಹುಣಸೆಹುಳಿ ಚೊಂಬಿನ ಕಿಲುಬು ಬಿಡಿಸೋವಾಗ ಹುಳಿಮಣ್ಣು ಆ ಪುಟಾಣಿಗಳ ಕೈ ಹಿಡಿತ ಬಿಡಿಸಲ್ವಾ ಅಂದ್ಕೊಂಡಳಂತೆ. ಪ್ಲಾಸ್ಟಿಕ್ಕನ್ನೂ ಹುಳಿಮಣ್ಣನ್ನೂ ದೊಡ್ಡ ಬಾನಿಗೆ ತುಂಬಿ, ಗಾಳಿ ಹೋಗದ ಹಾಗೆ ಬಾಯಿ ಮೆತ್ತಿ, ಒಂದು ಕೊಳವೆ ಮಾತ್ರ ಬಿಟ್ಟು, ಕೆಳಗೆ ಬೆಂಕಿ ಹಾಕಿದಳಂತೆ. ಕಾದ ಹುಳಿ ತಾಕಿದ್ದೇ ತಡ, ಪುಟಾಣಿಗಳು ಚುಳ್ ಅಂತ ಕೈ ಬಿಟ್ಟು, ನಾಲ್ಕು ಜನರ ಗುಂಪು ಗಾಳಿಯಾಗಿ, ಎಂಟು ಜನರ ಗುಂಪು ಎಣ್ಣೆಯಾಗಿ ಕೊಳವೆಯಿಂದ ಹೊರಗೆ ಬಂದರಂತೆ. ನೀನು ಮನೇಲಿ ಹೀಗೆ ಒಲೆ ಹಚ್ಚೋಕೆ ಹೋದ್ರೆ ಕಿವಿ ಹಿಂಡ್ತೀನಿ, ಇದು ಕತೆ.

ಆಮೇಲೆ ಅದೇ ಹುಳಿಮಣ್ಣಲ್ಲಿ ಮೂರು ಬಾನಿ ಆಗೋವಷ್ಟರಲ್ಲಿ ಅದು ಕಪ್ಪಾಗಿ ಎಣ್ಣೆ ನಿಂತುಹೋಯ್ತಂತೆ. ಬೇರೆ ಹುಳಿಮಣ್ಣೂ ಇಲ್ಲ. ಇದರ ಹುಳಿ ತೀರಿಹೋಯ್ತು ಅಂತ ತಿಪ್ಪೆಗೆ ಸುರಿದು ಅತ್ತಳಂತೆ ಪಾಪ. ಹುಣ್ಣಿಮೆ ಹತ್ತಿರ ಬಂತು, ಅಪ್ಪ ಕೊಡಲಿ ಮಸೀತಾ ಕೂತಿದ್ದಾನೆ. ಅಳ್ತಾ ಅಳ್ತಾ ಒಂದು ಹೆಂಟೆ ಮುಟ್ಟಿದ್ರೆ ಕೈಗೆಲ್ಲ ಮಸಿ! ಅಯ್ಯೋ, ಮಸಿ ಹಿಡಿದ ಮಡಕೇನ ಮತ್ತೆ ಆವಿಗೆ ಗೂಡಲ್ಲಿ ಸುಟ್ಟರೆ ಕೆಂಪಗಾಗಲ್ವಾ, ಇದ್ಯಾಕೆ ಆಗಲ್ಲ ಅಂತ ಕಣ್ಣೊರೆಸಿಕೊಂಡು, ತಿಪ್ಪೆಯಿಂದ ಬಾಚಿ, ಚೆನ್ನಾಗಿ ಗಾಳಿ ಬಿಟ್ಟು ಸುಟ್ಟಳಂತೆ. ಮಣ್ಣು ಬೆಳ್ಳಗಾಯ್ತಂತೆ. ಆರಿದ ಮೇಲೆ ನಾಲಿಗೆಗಿಟ್ಟು ನೋಡಿದ್ರೆ ಹುಳಿ ಹಾಗೇ ಇತ್ತಂತೆ! ಅದು ಕೈ ಬಿಡಿಸಿತ್ತೇ ಹೊರತು ತಾನು ಸವೆದಿರಲಿಲ್ಲ.

ಆಮೇಲೆ ಅಣ್ಣಂದಿರೂ ಕೈ ಹಾಕಿ, ಬಂದ ಎಣ್ಣೆಯಿಂದಲೇ ಬೆಂಕಿ ಉರಿಸಿ, ಅದೇ ಮಣ್ಣನ್ನ ಸುಟ್ಟು ಸುಟ್ಟು ಬಳಸಿ, ಹುಣ್ಣಿಮೆ ದಿನಕ್ಕೆ ಕೆರೆಯ ಒಂದು ಮೂಲೆ ಬಯಲು ಮಾಡಿದರಂತೆ. ಚೆಲುವಿ ಹಿಡಿ ಜೇಡಿಮಣ್ಣು ತಂದು ಅಪ್ಪನ ಕೈಗಿಟ್ಟಳಂತೆ. ಮುದ್ದಯ್ಯ ಕೊಡಲಿ ಪಕ್ಕಕ್ಕಿಟ್ಟು, ಮಣ್ಣು ನಾಲಿಗೆಗಿಟ್ಟು ನೋಡಿ, ಮಗಳ ಮಸಿ ಕೈಯನ್ನೇ ತಿಗರಿ ಮೇಲಿಟ್ಟು, ತಿರುಗಿಸು ತಾಯಿ ಅಂದನಂತೆ. ಅವಳ ತಿಗರಿ ತಿರುಗ್ತಾ ಇರಲಿ, ನಮ್ಮ ಕತೆ ಮುಗೀತು, ಕಣ್ಣು ಮುಚ್ಚು.