ಪರದೆಯೊಳಗೆ ಹೊಕ್ಕ ನುಸಿ ಯಾರನ್ನು ಹುಡುಕುತ್ತದೆ

“ಸೂರ್ಯನಿಗೆ ಮುಳುಗುವುದು ಹೇಗೆಂದು ಇನ್ನೂ ಗೊತ್ತಿರಲಿಲ್ಲ. ಹೊಳೆಗಳು ಆಗಷ್ಟೇ ಹರಿಯಲು ಕಲಿತಿದ್ದವು. ಅಷ್ಟು ಹಿಂದಿನ ಮಾತು ಕಣೇ ಇದು,” ಎಂದು ಸಿದ್ದಗಂಗಮ್ಮಜ್ಜಿ ಹೇಳತೊಡಗಿದಳು.

ನಿಜ ಹೇಳಬೇಕೆಂದರೆ ಕತೆ ಹೇಳುವಷ್ಟು ತ್ರಾಣ ಅವಳಿಗಿರಲಿಲ್ಲ. ಬೆಳಗಿನಿಂದ ಕಂಪ್ಯೂಟರಿನ ಮುಂದೆ ಕೂತು ಬೆನ್ನು ಹಿಡಿದುಕೊಂಡಿತ್ತು. ಕಣ್ಣು ಉರಿಯುತ್ತಿತ್ತು. ಬೇರೆಯವರು ಕೈಯಲ್ಲಿ ಬರೆದದ್ದನ್ನು ಪ್ರೆಸ್ಸಿಗಾಗಿ ಟೈಪ್ ಮಾಡಿಕೊಡುವುದು ಅವಳ ಕೆಲಸ. ಈ ಸಲದ್ದು ಒಬ್ಬ ಮುದಿ ಸೂಲಗಿತ್ತಿ ಹೇಳಿ ಬರೆಸಿದ ಪುಸ್ತಕ. ಹನ್ನೊಂದು ಪುಟ ಉಳಿದಿತ್ತು. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕಿತ್ತು.

ಸಂಜೆ ಆರರ ಹೊತ್ತಿಗೆ, ಒಂದು ಸಾಲಿನ ನಡುವೆ, ಬೇಡದ ಕಡೆ ಒಂದು ಚುಕ್ಕಿ ಕಾಣಿಸಿತು. ಅಜ್ಜಿ ಅಳಿಸುವ ಕೀ ಒತ್ತಿದಳು. ಅಕ್ಷರ ಹೋಯಿತು, ಚುಕ್ಕಿ ಹೋಗಲಿಲ್ಲ. ಮತ್ತೆ ಒತ್ತಿದಳು. ಪದವೇ ಹೋಯಿತು, ಚುಕ್ಕಿ ಹೋಗಲಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದರೆ, ಚುಕ್ಕಿ ಮೆಲ್ಲಗೆ ಕೆಳಗಿನ ಸಾಲಿಗೆ ನಡೆದುಹೋಯಿತು.

“ಅಜ್ಜಿ, ಹುಳ!” ಪಕ್ಕದಲ್ಲಿ ಚಿತ್ರ ಬರೆಯುತ್ತಿದ್ದ ಮೊಮ್ಮಗಳು ಇಂಚರ ಕೂಗಿದಳು. ಅವಳಿಗೆ ಏಳು ವರ್ಷ. ಪರದೆಯ ಮೇಲೆ ಕೈಯಾಡಿಸಿದಳು. ಕೈಗೆ ಏನೂ ತಾಗಲಿಲ್ಲ. “ಒಳಗಿದೆ ಅಜ್ಜಿ! ಪರದೆ ಒಳಗೇ ಇದೆ!”

ಹೇಳುತ್ತಲೇ ಹೆಬ್ಬೆರಳಿನಿಂದ ಒತ್ತಲು ಹೋದಳು. ಅಜ್ಜಿ ಆ ಕೈ ಹಿಡಿದುಕೊಂಡಳು.

“ಒತ್ತಬೇಡ ಕಣೇ. ಹಿಂದೊಮ್ಮೆ ಇಂಥದ್ದೇ ಒಂದು ನುಸಿಯನ್ನ ನಾನು ಒತ್ತಿದ್ದೆ. ಅಲ್ಲೇ ಸತ್ತು ಅಂಟಿಕೊಂಡಿತು. ನಾಲ್ಕು ವರ್ಷ ಅದನ್ನ ನೋಡಿಕೊಂಡೇ ಟೈಪ್ ಮಾಡಿದೆ. ಒರೆಸಿ ತೆಗೆಯೋಕೆ ಕೈ ಹೋಗುವ ಜಾಗ ಅಲ್ಲ ಅದು.”

“ಮತ್ತೆ ಏನು ಮಾಡೋದು?”

“ಕಾಯೋದು. ಇನ್ನೇನು ಮಾಡೋಕಾಗುತ್ತೆ?”

ಅಜ್ಜಿ ಪರದೆ ಆರಿಸಿದಳು. ಕೋಣೆಯ ದೀಪವನ್ನೂ ಆರಿಸಿದಳು. ಮೇಜಿನ ಸಣ್ಣ ದೀಪವನ್ನು ಪರದೆಯ ಅಂಚಿಗೆ ತಂದಿಟ್ಟು ಹಚ್ಚಿದಳು. “ಒಳಗೆ ಕತ್ತಲಾದರೆ ಬೆಳಕಿರೋ ಕಡೆ ಬರುತ್ತೆ. ಬಂದರೆ ಬಂತು,” ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

“ಅದು ಒಳಗೆ ಯಾಕೆ ಹೋಯ್ತು ಅಜ್ಜಿ? ಅಲ್ಲಿ ತಿನ್ನೋಕೆ ಏನೂ ಇಲ್ಲವಲ್ಲ?”

ಅದಕ್ಕೇ ಅಜ್ಜಿ ಕಣ್ಣು ಮುಚ್ಚಿಕೊಂಡೇ ಆ ಹಿಂದಿನ ಮಾತು ತೆಗೆದದ್ದು.

ಆಗ ಬರೀ ಹಗಲು. ಸೂರ್ಯ ನಡೆಯುತ್ತಲೇ ಇದ್ದ. ಆನೆ ನಡೆಯುತ್ತಲೇ ಇತ್ತು. ಗಾಳಿ ಬೀಸುತ್ತಲೇ ಇತ್ತು. ಹೊಳೆ ಹರಿಯುತ್ತಲೇ ಇತ್ತು. ನಿಲ್ಲುವುದೆಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಸುಸ್ತಾಗಿತ್ತು. ಅದನ್ನು ಸುಸ್ತು ಅನ್ನುತ್ತಾರೆಂದೂ ಯಾರಿಗೂ ಗೊತ್ತಿರಲಿಲ್ಲ.

ಒಂದು ಸಲ ಸೂರ್ಯ ಹೊಳೆಯ ದಡಕ್ಕೆ ಬಂದ. “ಹೊಳೆಯಮ್ಮಾ, ಕಾಲು ಸೋತುಹೋಯಿತು. ಎಲ್ಲಾದರೂ ಸ್ವಲ್ಪ ಒರಗಿಕೊಳ್ಳಲೇ?”

“ಒರಗಿಕೋ ಮಗನೇ. ಆ ಕಾಗೆಬಂಗಾರದ ಗುಡ್ಡದೊಳಗೆ ತಂಪಾಗಿದೆ,” ಎಂದಿತು ಹೊಳೆ.

ಕಾಗೆಬಂಗಾರವೆಂದರೆ ಹಾಳೆಯ ಮೇಲೆ ಹಾಳೆ ಇಟ್ಟಂತೆ ಪದರ ಪದರವಾಗಿ ಹೊಳೆಯುವ ಕಲ್ಲು. ಸೂರ್ಯ ಆ ಗುಡ್ಡದೊಳಗೆ ಹೋಗಿ, ಪದರಗಳನ್ನು ಹೊದಿಕೆಯಂತೆ ಎಳೆದುಕೊಂಡು ಮಲಗಿದ. ಲೋಕಕ್ಕೆ ಮೊದಲ ಸಲ ಕತ್ತಲಾಯಿತು. ಆನೆ ಮಲಗಿತು. ಗಾಳಿ ಮಲಗಿತು. ಹೊಳೆಯೂ ಮಡುವಿನಲ್ಲಿ ಮಲಗಿತು. ಆ ನಿದ್ದೆಯಂಥ ನಿದ್ದೆಯನ್ನು ಆಮೇಲೆ ಯಾರೂ ಮಾಡಿಲ್ಲ.

ಎಲ್ಲರೂ ಎದ್ದರು. ಸೂರ್ಯ ಏಳಲಿಲ್ಲ.

ಕಾದರು. ಏಳಲಿಲ್ಲ. ಚಳಿ ಹತ್ತಿತು. ಹುಲ್ಲು ಬಾಡಿತು. ಗೂಡಿನಲ್ಲಿ ಮರಿಗಳು ನಡುಗತೊಡಗಿದವು. ಆನೆ ಘೀಳಿಟ್ಟಿತು, ಸೂರ್ಯನಿಗೆ ಕೇಳಲಿಲ್ಲ. ಗಾಳಿ ಗುಡ್ಡವನ್ನು ಸುತ್ತಿ ಸುತ್ತಿ ಕೂಗಿತು, ಕೇಳಲಿಲ್ಲ. ಒಂದು ಸಣ್ಣ ಬಿರುಕಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು. ಆದರೆ ಅದರೊಳಗೆ ಹೋಗುವವರು ಯಾರು?

“ನಾನು ಹೋಗಿ ಎಬ್ಬಿಸಿಕೊಂಡು ಬರ್ತೀನಿ.”

ಮಾತಾಡಿದ್ದು ಯಾರೆಂದು ಎಲ್ಲರೂ ಅತ್ತ ಇತ್ತ ನೋಡಿದರು.

“ಯಾರಪ್ಪಾ ನೀನು? ಎಲ್ಲಿದ್ದೀಯ?” ಎಂದಿತು ಆನೆ.

“ನಾನು ನುಸಿ. ನಿನ್ನ ಕಾಲುಗುರಿನ ಮೇಲಿದ್ದೀನಿ.”

ಸಾಸಿವೆಗಿಂತ ಸಣ್ಣ ಹುಳ. ಬಿರುಕಿನೊಳಗೆ ತಲೆ ತೂರಿಸಿತು, ಹೊಟ್ಟೆ ತೂರಿಸಿತು, ಹೊರಟಿತು. ಒಂದು ಪದರ ದಾಟಿದರೆ ಇನ್ನೊಂದು. ಅದನ್ನು ದಾಟಿದರೆ ಮತ್ತೊಂದು. ಕಾಲು ನೋಯುತ್ತಿತ್ತು. ರೆಕ್ಕೆ ಮಡಚಿ ಮಡಚಿ ಹರಿಯುವಂತಾಗಿತ್ತು. ಕೊನೆಗೆ ಬೆಚ್ಚಗಿನ ಉಸಿರು ತಾಗಿತು.

“ಸೂರ್ಯಪ್ಪಾ, ಏಳಪ್ಪಾ. ಮಕ್ಕಳೆಲ್ಲ ಚಳಿಯಲ್ಲಿ ಅಳ್ತಾ ಇದ್ದಾರೆ.”

ಸೂರ್ಯ ಕಣ್ಣು ಬಿಟ್ಟ. ಇಡೀ ಗುಡ್ಡ ಧಗ್ಗನೆ ಬೆಳಗಿತು. ಹೊರಗಿದ್ದವರು ಕುಣಿದಾಡಿದರು.

ಆದರೆ ನುಸಿಗೆ ದಾರಿ ತಪ್ಪಿತು. ಮುಂದೆ ನೋಡಿದರೂ ಬೆಳಕು, ಹಿಂದೆ ನೋಡಿದರೂ ಬೆಳಕು. ಬಂದ ಬಿರುಕು ಯಾವುದೋ ತಿಳಿಯಲಿಲ್ಲ. ಅಲ್ಲಿಗೆ ಹೋಯಿತು, ಇಲ್ಲಿಗೆ ಬಂತು, ಮತ್ತೆ ಅಲ್ಲಿಗೇ ಹೋಯಿತು. ಹೊರಗಿನವರಿಗೆ ಹೊಳೆಯುವ ಗುಡ್ಡದ ನಡುವೆ ಒಂದು ಕಪ್ಪು ಚುಕ್ಕಿ ಮಾತ್ರ ಕಾಣುತ್ತಿತ್ತು.

“ಒಂದೇ ಸಲ ಒತ್ತಿ ಗುಡ್ಡ ಒಡೆದುಬಿಡ್ತೀನಿ,” ಎಂದು ಆನೆ ಕಾಲೆತ್ತಿತು.

“ಕಾಲು ಇಳಿಸು ಆನೆಯಣ್ಣಾ!” ಎಂದಳು ಒಬ್ಬಳು ಮುದುಕಿ. ಲೋಕದ ಮೊದಲ ಮುದುಕಿ ಅವಳು. ಬೆನ್ನ ಮೇಲೆ ಸೌದೆ ಹೊತ್ತುಕೊಂಡು ಅದೇ ಆಗ ಬಂದಿದ್ದಳು. “ನೀನು ಒತ್ತಿದರೆ ಗುಡ್ಡ ಒಡೆಯಲ್ಲ. ಪದರಕ್ಕೆ ಪದರ ಅಂಟಿಕೊಳ್ಳುತ್ತೆ. ನುಸಿ ನಡುವೆ ಸಿಕ್ಕಿ ಸತ್ತುಹೋಗುತ್ತೆ.”

ಅಷ್ಟರಲ್ಲಿ ಒಳಗೆ ಸೂರ್ಯ ಎದ್ದು ಕೂತ. ಪದರಗಳು ಕಿರುಗುಟ್ಟಿದವು.

“ಬೇಗ ಬಾ ಸೂರ್ಯ! ಚಳಿ ತಡೆಯೋಕಾಗಲ್ಲ!” ಎಂದು ಎಲ್ಲರೂ ಕೂಗಿದರು.

ಮುದುಕಿ ಗುಡ್ಡಕ್ಕೆ ಬಾಯಿ ಹಚ್ಚಿ ಹೇಳಿದಳು: “ಎಬ್ಬಿಸೋಕೆ ಬಂದವರನ್ನೇ ತುಳಿದುಕೊಂಡು ಬರ್ತೀಯೇನಪ್ಪಾ?”

ಸೂರ್ಯ ಕೂತಲ್ಲೇ ಕೂತ. ಅಲುಗಲಿಲ್ಲ.

“ಏನು ಮಾಡಲಮ್ಮಾ?”

“ಕಣ್ಣು ಮುಚ್ಚಿಕೋ. ಸುಮ್ಮನಿರು. ನಿನ್ನ ಬೆಳಕೇ ಅದಕ್ಕೆ ಗೋಡೆಯಾಗಿದೆ.”

ಸೂರ್ಯ ಕಣ್ಣು ಮುಚ್ಚಿದ. ಗುಡ್ಡ ಕಪ್ಪಾಯಿತು. ಮುದುಕಿ ಕಲ್ಲಿಗೆ ಕಲ್ಲು ತಾಗಿಸಿ ಕಿಡಿ ಎಬ್ಬಿಸಿದಳು. ಸೌದೆಯ ಒಂದು ಚೂರು ಹೊತ್ತಿಸಿ ಬಿರುಕಿನ ಹತ್ತಿರ ಹಿಡಿದಳು. ಕೈ ಸೋತಾಗ ಕೈ ಬದಲಿಸಿದಳು. ಚೂರು ಮುಗಿದಾಗ ಇನ್ನೊಂದು ಹೊತ್ತಿಸಿದಳು. ಮರಿಗಳು ಅವಳ ಸೀರೆಯೊಳಗೆ ಮುದುಡಿಕೊಂಡವು.

ಒಳಗೆ ನುಸಿ ನಡೆಯಿತು, ನಿಂತಿತು. ನಡೆಯಿತು, ನಿಂತಿತು. ಬಹಳ ಹೊತ್ತು ನಿಂತೇಬಿಟ್ಟಿತು. ಹೊರಗೆ ಕಾದು ಕಾದು ಆನೆ ಕಣ್ಣೊರೆಸಿಕೊಂಡಿತು. ಆಮೇಲೆ ನುಸಿ ಮತ್ತೆ ನಡೆಯಿತು. ಕೊನೆಗೆ ಬಿರುಕಿನಿಂದ ಉರುಳಿ ಮುದುಕಿಯ ಅಂಗೈ ಮೇಲೆ ಬಿತ್ತು.

“ಬಂತಪ್ಪಾ. ಈಗ ನೀನು ಬಾ. ನಿಧಾನವಾಗಿ ಬಾ,” ಎಂದಳು ಮುದುಕಿ.

ಸೂರ್ಯ ನಿಧಾನವಾಗಿ ಬಂದ. ಮೊದಲು ಮಬ್ಬಾಗಿ, ಆಮೇಲೆ ಕೆಂಪಾಗಿ, ಯಾರನ್ನೂ ತುಳಿಯದಂತೆ ನೋಡಿಕೊಂಡು ಮೇಲೆ ಬಂದ. ಎಲ್ಲರನ್ನೂ ಕರೆದು ಹೇಳಿದ: “ನನ್ನಿಂದ ತಪ್ಪಾಯಿತು. ಇನ್ನು ಮೇಲೆ ದಿನಾ ಸ್ವಲ್ಪವೇ ಮಲಗುತ್ತೇನೆ. ನಾನಾಗಿಯೇ ಏಳುತ್ತೇನೆ. ಯಾರೂ ನನ್ನನ್ನು ಎಬ್ಬಿಸಲು ಬರಬೇಕಾಗಿಲ್ಲ.”

ಆನೆ ಕೇಳಿಸಿಕೊಂಡಿತು. ಗಾಳಿ ಕೇಳಿಸಿಕೊಂಡಿತು. ಹೊಳೆ ಕೇಳಿಸಿಕೊಂಡಿತು. ನುಸಿ ಮಾತ್ರ ಕೇಳಿಸಿಕೊಳ್ಳಲಿಲ್ಲ. ಅದು ಸುಸ್ತಾಗಿ ಮುದುಕಿಯ ಅಂಗೈ ಮೇಲೆ ನಿದ್ದೆಹೋಗಿತ್ತು.

“ಯಾರೂ ಅದಕ್ಕೆ ಆಮೇಲೆ ಹೇಳಲಿಲ್ವಾ?” ಇಂಚರ ಕೇಳಿದಳು.

“ಎಲ್ಲರೂ ಬೆಚ್ಚಗಾಗಿದ್ದರು. ಹೇಳಬೇಕು ಅಂತ ಯಾರಿಗೂ ನೆನಪಾಗಲಿಲ್ಲ.”

ಆಗಲೇ ಪರದೆಯ ಅಂಚಿನಲ್ಲಿ, ಚೌಕಟ್ಟಿನ ಸಂದಿಯಿಂದ, ಒಂದು ಕಪ್ಪು ಚುಕ್ಕಿ ಹೊರಗೆ ಇಣುಕಿತು. ನಿಂತಿತು. ಆಮೇಲೆ ದೀಪದ ಕಡೆ ತೆವಳಿತು.

ಇಂಚರ ಉಸಿರು ಬಿಗಿಹಿಡಿದು, ಚಿತ್ರ ಬರೆದಿದ್ದ ಹಾಳೆಯನ್ನು ಅದರ ಮುಂದೆ ಇಟ್ಟಳು. ಅದು ಹತ್ತಿತು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದಳು. ಕಿಟಕಿಯಾಚೆ ದಾಸವಾಳದ ಗಿಡವಿತ್ತು. ಅದರ ಎಲೆಗೆ ಹಾಳೆ ತಾಗಿಸಿ, ಬಗ್ಗಿ ಪಿಸುಗುಟ್ಟಿದಳು: “ಸೂರ್ಯ ನಾಳೆ ತಾನೇ ಏಳ್ತಾನಂತೆ. ನೀನು ಮಲಗು.”

ಹುಳ ಎಲೆಯಡಿ ಸರಿಯಿತು.

ಅಜ್ಜಿ ಪರದೆ ಹಚ್ಚಿ, ಹೋದ ಪದವನ್ನು ಮತ್ತೆ ಟೈಪ್ ಮಾಡಿದಳು. “ಇದೊಂದಕ್ಕೆ ನೀನು ಹೇಳಿದೆ, ಒಳ್ಳೆಯದಾಯಿತು,” ಎಂದಳು. “ಮಿಕ್ಕವಕ್ಕೆ ಇನ್ನೂ ಗೊತ್ತಿಲ್ಲ. ಅದಕ್ಕೇ ಕಣೇ, ಕತ್ತಲಾದ ಮೇಲೆ ದೀಪ ಕಾಣಲಿ, ಪರದೆ ಕಾಣಲಿ, ಸೂರ್ಯ ಇದರೊಳಗೇ ಮಲಗಿಬಿಟ್ಟಿದ್ದಾನೆ ಅಂದುಕೊಂಡು, ಎಷ್ಟೇ ಸುಸ್ತಾಗಿದ್ದರೂ ನುಸಿ ಇವತ್ತಿಗೂ ಅವನನ್ನು ಎಬ್ಬಿಸೋಕೆ ಒಳಗೆ ಹೋಗುತ್ತೆ.”